ವಿಭಾಗದ ಸ್ವಂತ ಸಂಕೇತ ಭಂಡಾರ: ಲಿನಕ್ಸ್ ಸರ್ವರಿನಲ್ಲಿ ಅದರ ಸ್ಥಾಪನೆ ಮತ್ತು ರಕ್ಷಣೆ

೧

ಹಸ್ತಪ್ರತಿಗಳ ಪರಿಶೋಧನೆಯಲ್ಲಿ ತೊಡಗಿದವರಿಗೆ ಪ್ರತಿಗಳ ಬೆಲೆ ಏನೆಂಬುದನ್ನು ಬೇರೆಯವರು ತಿಳಿಸಿಕೊಡಬೇಕಾಗಿಲ್ಲ. ಒಂದು ಕಾವ್ಯದ ನಾಲ್ಕು ಓಲೆಪ್ರತಿಗಳು ದೊರೆತಾಗ ಯಾವುದು ಯಾವುದರಿಂದ ಇಳಿದು ಬಂದಿತು, ಯಾವ ಪಾಠವನ್ನು ಯಾವ ಲಿಪಿಕಾರನು ತಿದ್ದಿದನು, ಆ ತಿದ್ದುಪಡಿಗೆ ಕಾರಣವೇನು ಎಂಬುದನ್ನು ನಿರ್ಣಯಿಸುವುದರಲ್ಲಿಯೇ ಸಂಪಾದಕನ ಶ್ರಮದ ಬಹುಭಾಗ ಸಲ್ಲುತ್ತದೆ. ಆಶ್ಚರ್ಯದ ಸಂಗತಿಯೆಂದರೆ, ಹಳೆಯ ಲಿಪಿಕಾರರ ಮೌನವನ್ನು ಕುರಿತು ಇಷ್ಟೊಂದು ಕೊರಗುವ ನಾವೇ ನಮ್ಮ ಬರಹಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವಾಗ ಮುಂದಿನವರಿಗೆ ಅದೇ ತೊಡಕನ್ನು ಉಳಿಸಿ ಹೋಗುತ್ತೇವೆ. ‘ಅಂತಿಮ’, ‘ಅಂತಿಮ ಎರಡು’, ‘ನಿಜವಾದ ಅಂತಿಮ’ ಎಂಬ ಹೆಸರಿನ ಕಡತಗಳು ಯಾರ ಯಂತ್ರದಲ್ಲಿ ಇಲ್ಲ?

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದಲ್ಲಿ ಹಳಗನ್ನಡ ಕಾವ್ಯವೊಂದರ ಪದಸೂಚಿಯನ್ನು ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸಲಾಯಿತು. ವಿಭಕ್ತಿ ಪ್ರತ್ಯಯಗಳನ್ನು ಕಳೆದು ಪ್ರಕೃತಿಯನ್ನು ಗುರುತಿಸುವ ಚಿಕ್ಕದೊಂದು ಕಾರ್ಯಕ್ರಮವನ್ನು ಸಂಶೋಧಕರೊಬ್ಬರು ಬರೆದಿದ್ದರು. ಪದಸೂಚಿ ಅಚ್ಚಾಯಿತು; ಅವರು ಬೇರೆ ಊರಿಗೆ ಹೋದರು. ಬಳಿಕ ಸೂಚಿಯ ಕೆಲವು ಉಲ್ಲೇಖಗಳು ಅಶುದ್ಧವೆಂದು ಕಂಡುಬಂದಾಗ ನಾವು ಆ ಕಾರ್ಯಕ್ರಮವನ್ನು ಹುಡುಕಿದೆವು. ಅದರ ಮೂರು ಪ್ರತಿಗಳು ದೊರೆತವು. ಮೂರೂ ಪರಸ್ಪರ ಭಿನ್ನವಾಗಿದ್ದವು. ಯಾವುದರಿಂದಲೂ ಅಚ್ಚಾದ ಸೂಚಿ ಯಥಾವತ್ತಾಗಿ ಹೊರಬರಲಿಲ್ಲ. ನಮ್ಮ ಹೆಸರಿನಲ್ಲಿ ಪ್ರಕಟವಾದ ಗ್ರಂಥವೊಂದು ಹೇಗೆ ಸಿದ್ಧವಾಯಿತೆಂಬುದನ್ನು ನಾವೇ ತೋರಿಸಿಕೊಡಲಾರದೆ ಹೋದೆವು. ವಿದ್ಯಾಸಂಸ್ಥೆಗೆ ಇದಕ್ಕಿಂತ ಸಂಕೋಚದ ಪ್ರಸಂಗ ಬೇರೊಂದಿರಲಾರದು. ಆ ಅನುಭವದ ಫಲವಾಗಿ ವಿಭಾಗದಲ್ಲಿಯೇ ಒಂದು ಸಂಕೇತ ಭಂಡಾರವನ್ನು, ಎಂದರೆ ಕಾರ್ಯಕ್ರಮಗಳನ್ನೂ ಪಠ್ಯಗಳನ್ನೂ ಅವುಗಳ ತಿದ್ದುಪಡಿಗಳ ಸಮಗ್ರ ಚರಿತ್ರೆಯೊಡನೆ ಕಾಯ್ದಿಡುವ ವ್ಯವಸ್ಥೆಯನ್ನು ಸ್ಥಾಪಿಸಿದೆವು. ಅದರ ಕ್ರಮವನ್ನು, ಅದರಲ್ಲಿ ಎಡವಿದ ಸ್ಥಳಗಳನ್ನೂ ಮರೆಮಾಡದೆ, ಇಲ್ಲಿ ನಿರೂಪಿಸುತ್ತೇವೆ. ಇತರ ವಿಭಾಗಗಳಿಗೆ ಇದು ಉಪಯುಕ್ತವಾದೀತೆಂಬುದು ನಮ್ಮ ನಂಬಿಕೆ.

೨

ತಿದ್ದುಪಡಿಗಳ ಚರಿತ್ರೆಯನ್ನು ಕಾಯುವ ತಂತ್ರಾಂಶಗಳು ಹೊಸವಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೭೨ರಲ್ಲಿಯೇ ಮಾರ್ಕ್ ರಾಚ್ಕಿಂಡ್ ಎಂಬವರು ಇಂಥದೊಂದು ವ್ಯವಸ್ಥೆಯನ್ನು ರಚಿಸಿದ್ದರು. ಆದರೆ ಇಂದು ಬಹುಮಟ್ಟಿಗೆ ಎಲ್ಲೆಡೆಯೂ ಬಳಕೆಯಲ್ಲಿರುವುದು ಗಿಟ್ ಎಂಬುದು. ಇದರ ಹುಟ್ಟಿನ ಕಥೆ ನಮ್ಮ ವಿಷಯಕ್ಕೆ ಹತ್ತಿರವಾದುದರಿಂದ ಇಲ್ಲಿ ಹೇಳತಕ್ಕುದು. ಲಿನಕ್ಸ್ ತಿರುಳಿನ ನಿರ್ಮಾಪಕರು ೨೦೦೨ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಬೆಲೆ ತೆರದೆ ಬಳಸುತ್ತಿದ್ದರು. ೨೦೦೫ರಲ್ಲಿ ಅದರ ಒಡೆಯರು ಆ ಸೌಲಭ್ಯವನ್ನು ಹಿಂತೆಗೆದುಕೊಂಡರು. ಆಗ ಲೀನಸ್ ತೋರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಕೆಲವೇ ದಿನಗಳೊಳಗೆ ಗಿಟ್ಟಿನ ಮೊದಲ ರೂಪವನ್ನು ಬರೆದರು. ಜುಲೈ ತಿಂಗಳಿನಿಂದ ಅದರ ಪಾಲನೆಯ ಹೊಣೆ ಜೂನಿಯೊ ಹಮಾನೊ ಅವರದಾಯಿತು. ಪರರ ಕೃಪೆಯನ್ನು ನೆಚ್ಚಿದ ಕೆಲಸ ಯಾವ ದಿನವಾದರೂ ನಿಲ್ಲಬಹುದೆಂಬ ಪಾಠ ಹೀಗೆ ಗಿಟ್ಟಿನ ಜನ್ಮದಲ್ಲಿಯೇ ಅಡಗಿದೆ.

ಗಿಟ್ಟಿನ ಸ್ವರೂಪವನ್ನು ಸಂಗ್ರಹವಾಗಿ ಹೀಗೆ ವಿವರಿಸಬಹುದು. ಕೆಲಸಗಾರನು ತನ್ನ ಕಡತಗಳಲ್ಲಿ ತಿದ್ದುಪಡಿ ಮಾಡಿ, ಒಂದು ಹಂತಕ್ಕೆ ಬಂದಾಗ, ಕಾರಣವನ್ನು ಒಂದೆರಡು ಸಾಲಿನಲ್ಲಿ ಬರೆದು ಅದನ್ನು ದಾಖಲಿಸುತ್ತಾನೆ. ಈ ದಾಖಲೆಗೆ ಕಮಿಟ್ ಎಂದು ಹೆಸರು. ನಾವು ಇದನ್ನು ನಮೂದು ಎಂದು ಕರೆಯುತ್ತೇವೆ. ಪ್ರತಿಯೊಂದು ನಮೂದಿಗೂ ಅದರ ಒಳಗಿನ ವಿಷಯದಿಂದಲೇ ಗಣಿತರೀತ್ಯಾ ಹುಟ್ಟಿದ ೪೦ ಚಿಹ್ನೆಗಳ ಒಂದು ಮುದ್ರೆ ಇರುತ್ತದೆ. ಹಿಂದಿನ ನಮೂದಿನ ಮುದ್ರೆಯೂ ಈ ವಿಷಯದಲ್ಲಿ ಸೇರಿರುತ್ತದೆ. ಪ್ರತಿಯೊಂದು ಓಲೆಯ ಅಂಚಿನಲ್ಲಿಯೂ ಹಿಂದಿನ ಓಲೆಯ ಸಾರವನ್ನು ಮುದ್ರೆಯೊತ್ತಿದರೆ ಹೇಗೋ ಹಾಗೆ ಇದು. ನಡುವಣ ಒಂದು ಓಲೆಯ ಒಂದಕ್ಷರವನ್ನು ಬದಲಿಸಿದರೂ ಅದರ ಮುಂದಿನ ಓಲೆಗಳ ಮುದ್ರೆಗಳೆಲ್ಲವೂ ಬದಲಾಗುತ್ತವೆ. ಯಾರಿಗೂ ತಿಳಿಯದಂತೆ ಹಳೆಯದನ್ನು ತಿದ್ದುವುದು ಅಸಾಧ್ಯಪ್ರಾಯವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಮುದ್ರೆಯು ವಿಷಯದ ಅಖಂಡತೆಯನ್ನು ತೋರಿಸುತ್ತದೆಯೇ ಹೊರತು ಕರ್ತೃವನ್ನು ನಿರ್ಣಯಿಸುವುದಿಲ್ಲ. ನಮೂದಿನಲ್ಲಿ ಕಾಣುವ ಹೆಸರು ಬರೆದವನು ತಾನೇ ಹೇಳಿಕೊಂಡದ್ದು. ಕರ್ತೃತ್ವ ಸಿದ್ಧವಾಗಬೇಕಾದರೆ ಅದಕ್ಕೆ ಪ್ರತ್ಯೇಕವಾದ ಸಹಿಯ ಏರ್ಪಾಡು ಬೇಕು.

ಗಿಟ್ಟಿನ ಇನ್ನೊಂದು ಗುಣವೆಂದರೆ ಪ್ರತಿ ತೆಗೆದುಕೊಂಡ ಪ್ರತಿಯೊಬ್ಬನ ಯಂತ್ರದಲ್ಲಿಯೂ ಸಮಗ್ರ ಚರಿತ್ರೆ ಇರುವುದು. ಹಾಗಿದ್ದ ಮೇಲೆ ಸರ್ವರ್ ಏತಕ್ಕೆ ಎಂದು ವಾಚಕರು ಕೇಳಬಹುದು. ಹತ್ತು ಪ್ರತಿಗಳಿದ್ದರೂ ಎಲ್ಲರೂ ಒಪ್ಪುವ ಮೂಲಪ್ರತಿಯೊಂದು ಬೇಕಾಗುತ್ತದೆ. ಯಾರು ಓದಬಹುದು, ಯಾರು ಬರೆಯಬಹುದು ಎಂಬ ನಿಯಮವಿರಬೇಕು. ದೋಷಗಳನ್ನು ಸೂಚಿಸಲು, ತಿದ್ದುಪಡಿಗಳನ್ನು ಸ್ವೀಕರಿಸುವ ಮೊದಲು ಚರ್ಚಿಸಲು ಒಂದು ಸ್ಥಳವಿರಬೇಕು. ಇವನ್ನೆಲ್ಲ ಒದಗಿಸುವುದೇ ಭಂಡಾರ ತಂತ್ರಾಂಶದ ಕೆಲಸ.

೩

ಈ ಸೌಕರ್ಯಗಳನ್ನು ಬೆಲೆಯಿಲ್ಲದೆ ಒದಗಿಸುವ ದೊಡ್ಡ ತಾಣಗಳು ಹೊರಗೆ ಇವೆ. ೨೦೦೮ರಲ್ಲಿ ಪ್ರಾರಂಭವಾದ ಗಿಟ್‌ಹಬ್ ಅವುಗಳಲ್ಲಿ ಪ್ರಮುಖವಾದುದು. ಅವುಗಳಿಂದ ಲೋಕಕ್ಕಾದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮಲ್ಲಿ ಅನೇಕರು ಈಗಲೂ ಅಲ್ಲಿ ಕೆಲಸಮಾಡುತ್ತಾರೆ. ಆದರೆ ಒಂದು ವಿದ್ಯಾಸಂಸ್ಥೆ ತನ್ನ ದಾಖಲೆಗಳನ್ನು ಅಲ್ಲಿ ಮಾತ್ರವೇ ಇಡುವುದು ಉಚಿತವೇ ಎಂಬ ಪ್ರಶ್ನೆಗೆ ಈಚಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಗೂಗಲ್ ಸಂಸ್ಥೆಯು ೨೦೦೬ರಿಂದ ನಡೆಸುತ್ತಿದ್ದ ಗೂಗಲ್ ಕೋಡ್ ಎಂಬ ತಾಣವನ್ನು ಮುಚ್ಚುವುದಾಗಿ ೨೦೧೫ರಲ್ಲಿ ಘೋಷಿಸಿ ೨೦೧೬ರಲ್ಲಿ ಮುಚ್ಚಿತು. ಗಿಟೋರಿಯಸ್ ಎಂಬ ತಾಣವು ೨೦೧೫ರಲ್ಲಿ ಬೇರೆ ಸಂಸ್ಥೆಯ ಕೈಸೇರಿ ಅದೇ ವರ್ಷ ನಿಂತಿತು. ಬಿಟ್‌ಬಕೆಟ್ ತಾಣವು ಮರ್ಕ್ಯುರಿಯಲ್ ಎಂಬ ವ್ಯವಸ್ಥೆಯ ಭಂಡಾರಗಳಿಗೆ ಕೊಟ್ಟಿದ್ದ ಆಶ್ರಯವನ್ನು ೨೦೨೦ರಲ್ಲಿ ಕೊನೆಗಾಣಿಸಿತು. ಗಿಟ್‌ಹಬ್ ೨೦೧೮ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸ್ವತ್ತಾಯಿತು. ಅಮೆರಿಕ ಸರ್ಕಾರದ ವಾಣಿಜ್ಯ ನಿರ್ಬಂಧಗಳ ಕಾರಣದಿಂದ ೨೦೧೯ರಲ್ಲಿ ಇರಾನ್, ಸಿರಿಯ ಮೊದಲಾದ ಕಡೆಗಳ ಬಳಕೆದಾರರು ಆ ತಾಣದಲ್ಲಿದ್ದ ತಮ್ಮ ಖಾಸಗಿ ಭಂಡಾರಗಳಿಂದ ದೂರವಾದರು. ಇರಾನಿನವರಿಗೆ ಆ ಸೌಲಭ್ಯ ಮರಳಿ ದೊರೆತುದು ೨೦೨೧ರಲ್ಲಿ. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಅವರ ಬರಹ ಪರರಾಜ್ಯದ ಕಾನೂನಿಗೆ ಒಳಪಟ್ಟ ಮನೆಯಲ್ಲಿತ್ತು, ಅಷ್ಟೆ.

ಆದರೆ ಸ್ವಂತ ಭಂಡಾರವೆಂದರೆ ಸ್ವಂತ ಹೊಣೆ. ಹೊರಗಿನ ತಾಣಗಳಲ್ಲಿ ನೂರಾರು ಮಂದಿ ನಿಪುಣರು ಹಗಲಿರುಳು ಕಾಯುವ ಕೆಲಸವನ್ನು ಇಲ್ಲಿ ಒಬ್ಬಿಬ್ಬರು ಬೋಧನೆಯ ನಡುವೆ ಮಾಡಬೇಕು. ಈ ಹೊಣೆಯನ್ನು ಹೊರಲು ಕನಿಷ್ಠ ಇಬ್ಬರು ಸಿದ್ಧರಿಲ್ಲದ ವಿಭಾಗವು ಈ ಕಾರ್ಯಕ್ಕೆ ಕೈಹಾಕದಿರುವುದೇ ಲೇಸು. ಒಬ್ಬರೇ ಇದ್ದರೆ ಅವರ ವರ್ಗಾವಣೆಯೊಡನೆ ಭಂಡಾರವೂ ಅನಾಥವಾಗುತ್ತದೆ. ನಾವು ಹೊರಟದ್ದು ತಪ್ಪಿಸಲೆಂದೇ, ಹೊಕ್ಕದ್ದು ಅದೇ ಕಷ್ಟವನ್ನು ಎಂಬಂತಾಗುತ್ತದೆ.

೪

ಸ್ವಂತ ಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದಾದ ಭಂಡಾರ ತಂತ್ರಾಂಶಗಳಲ್ಲಿ ಮೂರನ್ನು ನಾವು ಪರಿಶೀಲಿಸಿದೆವು. ಮೊದಲನೆಯದು ಗಿಟ್‌ಲ್ಯಾಬ್. ಉಕ್ರೇನಿನ ದ್ಮಿತ್ರೊ ಜಪೊರೋಜೆತ್ಸ್ ಅವರು ೨೦೧೧ರಲ್ಲಿ ಪ್ರಾರಂಭಿಸಿದ ಇದು ಸರ್ವಸಮೃದ್ಧವಾದುದು. ಆದರೆ ಅದಕ್ಕೆ ತಕ್ಕಂತೆ ಅದರ ಹಸಿವೂ ದೊಡ್ಡದು. ಹಲವು ಗಿಗಾಬೈಟುಗಳ ಸ್ಮೃತಿಯಿಲ್ಲದ ಯಂತ್ರದಲ್ಲಿ ಅದು ತೆವಳುತ್ತದೆ. ಎರಡನೆಯದು ಗಿಟೀ. ಗಾಗ್ಸ್ ಎಂಬ ೨೦೧೪ರ ತಂತ್ರಾಂಶದಿಂದ ೨೦೧೬ರಲ್ಲಿ ಕವಲೊಡೆದು ಬಂದ ಇದು ಗೋ ಎಂಬ ಭಾಷೆಯಲ್ಲಿ ರಚಿತವಾಗಿ, ಒಂದೇ ಒಂದು ಕಾರ್ಯಕಡತದ ರೂಪದಲ್ಲಿ ದೊರೆಯುತ್ತದೆ. ಒಂದು ಗಿಗಾಬೈಟ್ ಸ್ಮೃತಿಯುಳ್ಳ ಹಳೆಯ ಯಂತ್ರದಲ್ಲಿಯೂ ಇದು ಚಿಕ್ಕ ತಂಡದ ಕೆಲಸವನ್ನು ಸರಾಗವಾಗಿ ನಿರ್ವಹಿಸುತ್ತದೆ. ಮೂರನೆಯದು ಫೋರ್ಜೇಯೊ. ೨೦೨೨ರಲ್ಲಿ ಗಿಟೀಯ ಒಡೆತನವು ವಾಣಿಜ್ಯ ಸಂಸ್ಥೆಯೊಂದಕ್ಕೆ ಸೇರಿದುದನ್ನು ಒಪ್ಪದ ಕೆಲವರು ಅದರಿಂದ ಕವಲೊಡೆಸಿದ ತಂತ್ರಾಂಶ ಇದು. ಬರ್ಲಿನ್ ನಗರದ ಕೋಡ್‌ಬರ್ಗ್ ಎಂಬ ಲಾಭೋದ್ದೇಶವಿಲ್ಲದ ಸಂಘವು ಇದಕ್ಕೆ ಆಶ್ರಯವಾಗಿದೆ. ಎಸ್ಪೆರಾಂಟೊ ಭಾಷೆಯಲ್ಲಿ ಫೋರ್ಜೇಯೊ ಎಂದರೆ ಕಮ್ಮಾರಸಾಲೆ.

ಗಿಟೀ, ಫೋರ್ಜೇಯೊ ಎರಡೂ ಒಂದೇ ಮೂಲದವಾದುದರಿಂದ ಸ್ಥಾಪನೆಯ ಕ್ರಮ ಬಹುತೇಕ ಸಮಾನವಾಗಿದೆ. ಸಂಘದ ಒಡೆತನದಲ್ಲಿರುವುದು ನಮ್ಮ ಉದ್ದೇಶಕ್ಕೆ ಹೆಚ್ಚು ಹೊಂದುವುದೆಂದು ಬಗೆದು ನಾವು ಫೋರ್ಜೇಯೊವನ್ನು ಆರಿಸಿಕೊಂಡೆವು. ಅದರ ಹೊಸ ಆವೃತ್ತಿಗಳು ಮೂರು ತಿಂಗಳಿಗೊಮ್ಮೆ ಹೊರಡುತ್ತವೆ. ವರ್ಷಕ್ಕೊಂದು ಆವೃತ್ತಿಗೆ ಮಾತ್ರ ಒಂದು ವರ್ಷ ಮೂರು ತಿಂಗಳ ದೀರ್ಘ ಪೋಷಣೆ ಇರುತ್ತದೆ. ಅಧ್ಯಾಪಕರ ವಿರಾಮಕ್ಕೆ ಹೊಂದುವುದು ಈ ಎರಡನೆಯ ಬಗೆಯೇ.

೫

ಸ್ಥಾಪನೆಯ ಕ್ರಮವನ್ನು ಈಗ ಹೇಳುತ್ತೇವೆ. ಆಜ್ಞೆಗಳ ಅಕ್ಷರಶಃ ಪಾಠವು ತಂತ್ರಾಂಶದ ಕೈಪಿಡಿಯಲ್ಲಿಯೇ ಇದೆ. ಪ್ರತಿಯೊಂದು ಹೆಜ್ಜೆಯ ಕಾರಣವನ್ನು ತಿಳಿಸುವುದು ಇಲ್ಲಿ ನಮ್ಮ ಉದ್ದೇಶ; ಏಕೆಂದರೆ ಕಾರಣ ತಿಳಿಯದೆ ನಕಲು ಮಾಡಿದವನು ತೊಡಕು ಬಂದಾಗ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ.

ಮೊದಲನೆಯದಾಗಿ, ಯಂತ್ರದಲ್ಲಿ ಡೆಬಿಯನ್ ಲಿನಕ್ಸಿನ ಸ್ಥಿರ ಆವೃತ್ತಿಯನ್ನು ಪರದೆಯ ಅಲಂಕಾರಗಳಿಲ್ಲದೆ ಸ್ಥಾಪಿಸಿ, ಗಿಟ್ ಮತ್ತು ದೊಡ್ಡ ಕಡತಗಳಿಗೆ ಬೇಕಾದ ಅದರ ಉಪಾಂಗವನ್ನು ಸೇರಿಸಿದೆವು. ಎರಡನೆಯದಾಗಿ, ಗಿಟ್ ಎಂಬ ಹೆಸರಿನ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿದೆವು. ಇವನಿಗೆ ಗುಪ್ತಪದವಿಲ್ಲ, ಯಾರೂ ಇವನ ಹೆಸರಿನಲ್ಲಿ ನೇರವಾಗಿ ಒಳಬರುವಂತಿಲ್ಲ. ಭಂಡಾರ ತಂತ್ರಾಂಶವು ಯಂತ್ರದ ಸರ್ವಾಧಿಕಾರಿಯಾದ ರೂಟ್ ಬಳಕೆದಾರನ ಹೆಸರಿನಲ್ಲಿ ನಡೆಯಬಾರದೆಂಬುದು ಇದರ ತಾತ್ಪರ್ಯ. ನಾಳೆ ತಂತ್ರಾಂಶದಲ್ಲಿ ದೋಷವೊಂದು ಕಂಡು ಯಾರಾದರೂ ಅದರೊಳಗೆ ನುಗ್ಗಿದರೂ, ಅವರ ಕೈಗೆ ಸಿಗುವುದು ಒಂದು ಕೊಠಡಿಯೇ ಹೊರತು ಇಡೀ ಮನೆಯಲ್ಲ.

ಮೂರನೆಯದಾಗಿ, ಎರಡು ಕಡತಕೋಶಗಳನ್ನು ಏರ್ಪಡಿಸಿದೆವು. ಭಂಡಾರಗಳಿರುವ ಕೋಶವು ಗಿಟ್ ಬಳಕೆದಾರನ ಸ್ವತ್ತು. ವಿನ್ಯಾಸದ ಕಡತವಿರುವ ಕೋಶವಾದರೋ ರೂಟ್‌ನ ಸ್ವತ್ತು. ಸ್ಥಾಪನೆಯ ಸಮಯದಲ್ಲಿ ಮಾತ್ರ ಅದರಲ್ಲಿ ಬರೆಯಲು ಗಿಟ್ ಬಳಕೆದಾರನಿಗೆ ಅನುಮತಿಯಿತ್ತು, ಕೆಲಸ ಮುಗಿದೊಡನೆ ಆ ಅನುಮತಿಯನ್ನು ಹಿಂತೆಗೆದುಕೊಳ್ಳತಕ್ಕುದು. ತನ್ನ ನಿಯಮಗಳನ್ನು ತಾನೇ ತಿದ್ದಿಕೊಳ್ಳುವ ಅಧಿಕಾರ ಯಾವ ಸೇವಕನಿಗೂ ಇರಬಾರದಷ್ಟೆ.

ನಾಲ್ಕನೆಯದಾಗಿ, ಫೋರ್ಜೇಯೊವಿನ ಕಾರ್ಯಕಡತವನ್ನು ಇಳಿಸಿಕೊಂಡು, ಅದರೊಡನೆ ಪ್ರಕಟವಾಗುವ ಸಹಿಯನ್ನು ತಾಳೆ ನೋಡಿ, ಸ್ಥಳೀಯ ಕಾರ್ಯಕ್ರಮಗಳ ಕೋಶದಲ್ಲಿ ಇರಿಸಿದೆವು. ಸಹಿ ನೋಡುವ ಹೆಜ್ಜೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಪ್ರತಿಯ ಮೂಲವನ್ನು ವಿಚಾರಿಸದೆ ಪಾಠವನ್ನು ಸ್ವೀಕರಿಸುವ ಸಂಪಾದಕನಿಗೂ ಅವರಿಗೂ ಭೇದವಿಲ್ಲ.

ಐದನೆಯದು ದತ್ತಸಂಚಯದ ಆಯ್ಕೆ. ಬಳಕೆದಾರರ ಹೆಸರು, ಅಧಿಕಾರ, ಚರ್ಚೆ ಇವು ಗಿಟ್ಟಿನ ಭಂಡಾರದೊಳಗೆ ಇರುವುದಿಲ್ಲ. ಅವಕ್ಕೆ ಬೇರೆಯೇ ದತ್ತಸಂಚಯ ಬೇಕು. ಪೋಸ್ಟ್‌ಗ್ರೆಸ್, ಮರಿಯಾಡಿಬಿ ಮೊದಲಾದವನ್ನು ಬಳಸಬಹುದು. ಹತ್ತಿಪ್ಪತ್ತು ಮಂದಿಯ ವಿಭಾಗಕ್ಕೆ ಎಸ್‌ಕ್ಯೂಲೈಟ್ ಸಾಕೆಂಬುದು ನಮ್ಮ ಅನುಭವ. ಇದರ ಸಂಚಯವೆಲ್ಲವೂ ಒಂದೇ ಕಡತದಲ್ಲಿರುವುದರಿಂದ ಪಾಲನೆ ಸುಲಭ.

ಆರನೆಯದಾಗಿ, ಸಿಸ್ಟಮ್‌ಡಿ ಎಂಬ ಲಿನಕ್ಸಿನ ಮೇಲ್ವಿಚಾರಕ ವ್ಯವಸ್ಥೆಗೆ ಒಂದು ಸೇವಾಪತ್ರವನ್ನು ಬರೆದುಕೊಟ್ಟೆವು. ಯಂತ್ರ ಚಾಲನೆಗೊಂಡಾಗ ಭಂಡಾರವನ್ನೂ ಪ್ರಾರಂಭಿಸಬೇಕು, ಅದು ಅಕಸ್ಮಾತ್ತಾಗಿ ನಿಂತರೆ ಮತ್ತೆ ಎಬ್ಬಿಸಬೇಕು ಎಂಬ ಆದೇಶಗಳು ಅದರಲ್ಲಿವೆ. ವಿದ್ಯುತ್ತು ಹೋಗಿ ಬರುವ ನಮ್ಮ ಕಟ್ಟಡಗಳಲ್ಲಿ ಇದು ಎಷ್ಟು ಮುಖ್ಯವೆಂಬುದನ್ನು ವಿಸ್ತರಿಸಬೇಕಾಗಿಲ್ಲ.

ಇಷ್ಟಾದ ಮೇಲೆ ತಂತ್ರಾಂಶವು ೩೦೦೦ನೆಯ ಸಂಖ್ಯೆಯ ದ್ವಾರದಲ್ಲಿ ಸ್ಥಾಪನಾ ಪುಟವೊಂದನ್ನು ತೋರಿಸುತ್ತದೆ. ಇಲ್ಲಿ ಒಂದು ಅಪಾಯ ಅಡಗಿದೆ. ಆ ಪುಟವನ್ನು ಯಾರು ಮೊದಲು ತುಂಬುತ್ತಾರೋ ಅವರೇ ಭಂಡಾರದ ಅಧಿಪತಿಗಳಾಗುತ್ತಾರೆ. ಯಂತ್ರವು ಹೊರಜಗತ್ತಿಗೆ ತೆರೆದಿದ್ದರೆ ಆ ಮೊದಲಿಗರು ನಾವೇ ಆಗಿರುತ್ತೇವೆಂಬ ಭರವಸೆಯಿಲ್ಲ. ಆದುದರಿಂದ ಆ ದ್ವಾರವನ್ನು ಹೊರಗಿನವರಿಗೆ ಮುಚ್ಚಿಟ್ಟು, ಎಸ್‌ಎಸ್‌ಎಚ್ ಸುರಂಗದ ಮೂಲಕ ಒಳಗಿನಿಂದ ಮಾತ್ರ ಪುಟವನ್ನು ತುಂಬಿ, ಅಧಿಪತಿಯ ಖಾತೆಯನ್ನು ಆಗಲೇ ಸೃಷ್ಟಿಸಿದೆವು. ತರುವಾಯ ವಿನ್ಯಾಸದ ಕಡತದಲ್ಲಿ ಸ್ಥಾಪನೆ ಮುಗಿಯಿತೆಂಬ ಬೀಗ ಬಿದ್ದಿದೆಯೇ ಎಂದು ನೋಡಿ, ಅಪರಿಚಿತರು ತಾವಾಗಿ ಖಾತೆ ತೆರೆಯುವುದನ್ನು ನಿಷೇಧಿಸಿದೆವು.

೬

ಮನೆ ಸಿದ್ಧವಾಯಿತು, ಬಾಗಿಲಿನ ಮಾತು ಉಳಿಯಿತು. ನಮ್ಮ ಭಂಡಾರಕ್ಕೆ ಎರಡು ಬಾಗಿಲುಗಳಿವೆ. ಒಂದು ಅಂತರ್ಜಾಲದ ಪುಟಗಳ ಬಾಗಿಲು. ಇದರ ಮುಂದೆ ಎನ್‌ಜಿನ್‌ಎಕ್ಸ್ ಎಂಬ ದ್ವಾರಪಾಲಕ ತಂತ್ರಾಂಶ ನಿಂತು, ಬಂದವರ ಕೋರಿಕೆಗಳನ್ನು ಸ್ವೀಕರಿಸಿ ಒಳಗಿನ ೩೦೦೦ನೆಯ ದ್ವಾರಕ್ಕೆ ಮುಟ್ಟಿಸುತ್ತದೆ. ಸಂಪರ್ಕವನ್ನು ಗೂಢಲಿಪಿಯಲ್ಲಿ ನಡೆಸಲು ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಾರ್ವಜನಿಕ ಸೇವೆಯಿಂದ ಬೆಲೆಯಿಲ್ಲದೆ ಪಡೆಯಬಹುದು. ಅದರ ಆಯುಷ್ಯ ೯೦ ದಿನಗಳನ್ನು ಮೀರುವುದಿಲ್ಲವಾದುದರಿಂದ ನವೀಕರಣವು ತಾನಾಗಿಯೇ ನಡೆಯುವಂತೆ ಏರ್ಪಡಿಸುವುದು ಅವಶ್ಯಕ. ಎರಡನೆಯದು ಎಸ್‌ಎಸ್‌ಎಚ್ ಬಾಗಿಲು. ಇದರಲ್ಲಿ ಪ್ರತಿಯೊಬ್ಬ ಸಂಶೋಧಕನೂ ತನ್ನ ಯಂತ್ರದಲ್ಲಿ ಬೀಗದ ಕೈಗಳ ಜೋಡಿಯೊಂದನ್ನು ಸೃಷ್ಟಿಸಿಕೊಂಡು, ಸಾರ್ವಜನಿಕವಾದುದನ್ನು ಭಂಡಾರಕ್ಕೆ ಕೊಟ್ಟು, ರಹಸ್ಯವಾದುದನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತಾನೆ. ಎಲ್ಲರೂ ಗಿಟ್ ಎಂಬ ಒಂದೇ ಹೆಸರಿನಲ್ಲಿ ಬಂದರೂ, ಯಾರ ಕೈ ಯಾವುದೆಂಬುದನ್ನು ನೋಡಿ ತಂತ್ರಾಂಶವು ಅವರವರ ಅಧಿಕಾರವನ್ನು ನಿರ್ಣಯಿಸುತ್ತದೆ.

ಈ ಎರಡು ಬಾಗಿಲುಗಳ ಭೇದವನ್ನು ನಾವು ಒಂದು ತೊಡಕಿನಿಂದ ಚೆನ್ನಾಗಿ ಅರಿತೆವು. ಪ್ರಾರಂಭದ ವಾರದಲ್ಲಿ ಇಬ್ಬರು ಸಹೋದ್ಯೋಗಿಗಳು ಒಂದೇ ಬಗೆಯ ದೊಡ್ಡ ಪಠ್ಯಸಂಗ್ರಹಗಳನ್ನು ಭಂಡಾರಕ್ಕೆ ಕಳುಹಿಸಿದರು. ಒಬ್ಬರದು ಸರಾಗವಾಗಿ ಸೇರಿತು. ಇನ್ನೊಬ್ಬರಿಗೆ ೪೧೩ ಎಂಬ ಸಂಖ್ಯೆಯ ನಿರಾಕರಣೆ ಬಂದಿತು. ಅಧಿಕಾರದಲ್ಲಿ ದೋಷವಿರಬೇಕೆಂದು ಊಹಿಸಿ ನಾವು ಎರಡು ದಿನ ಭಂಡಾರದ ನಿಯಮಗಳನ್ನೇ ಶೋಧಿಸಿದೆವು. ದೋಷ ಅಲ್ಲಿರಲಿಲ್ಲ. ಮೊದಲನೆಯವರು ಎಸ್‌ಎಸ್‌ಎಚ್ ಬಾಗಿಲಿನಿಂದ ಬಂದಿದ್ದರು, ಎರಡನೆಯವರು ಪುಟಗಳ ಬಾಗಿಲಿನಿಂದ. ಎನ್‌ಜಿನ್‌ಎಕ್ಸ್ ತಾನಾಗಿ ಒಂದು ಮೆಗಾಬೈಟಿಗಿಂತ ದೊಡ್ಡ ಮೂಟೆಯನ್ನು ಒಳಗೆ ಬಿಡುವುದಿಲ್ಲ. ಆ ಮಿತಿಯನ್ನು ಹೆಚ್ಚಿಸಿದೊಡನೆ ತೊಡಕು ಪರಿಹಾರವಾಯಿತು. ಇಂಥ ಸಂದರ್ಭದಲ್ಲಿ ನಿರಾಕರಿಸಿದವರು ಯಾರು ಎಂಬುದನ್ನು ಮೊದಲು ತಿಳಿಯಬೇಕು, ಏಕೆ ಎಂಬುದು ಆಮೇಲಿನ ಪ್ರಶ್ನೆ.

ಎಸ್‌ಎಸ್‌ಎಚ್ ಬಾಗಿಲಿನಲ್ಲಿಯೂ ಒಂದು ಸೂಕ್ಷ್ಮವುಂಟು. ಗಿಟ್ ಬಳಕೆದಾರನ ಮನೆಯ ಕೋಶದಲ್ಲಿ ಇತರರಿಗೆ ಬರೆಯುವ ಅನುಮತಿಯಿದ್ದರೆ, ಆ ಸೇವೆಯು ಅಲ್ಲಿರುವ ಕೈಗಳ ಪಟ್ಟಿಯನ್ನು ನಂಬದೆ, ಕಾರಣವನ್ನೂ ಹೇಳದೆ ಗುಪ್ತಪದವನ್ನು ಕೇಳತೊಡಗುತ್ತದೆ. ಇಲ್ಲದ ಗುಪ್ತಪದವನ್ನು ಎಷ್ಟು ಸಲ ಕೊಟ್ಟರೂ ಫಲವಿಲ್ಲ. ಅನುಮತಿಗಳನ್ನು ಬಿಗಿಗೊಳಿಸುವುದೊಂದೇ ದಾರಿ.

೭

ಇದುವರೆಗಿನ ವಿಷಯ ಯಾವ ಭಾಷೆಯ ವಿಭಾಗಕ್ಕಾದರೂ ಸಮಾನ. ಕನ್ನಡ ಪಠ್ಯಗಳನ್ನು ಭಂಡಾರದಲ್ಲಿ ಇರಿಸುವಾಗ ಬರುವ ವಿಶೇಷ ಸಮಸ್ಯೆಗಳನ್ನು ಈಗ ಹೇಳಬೇಕಾಗಿದೆ.

ಯೂನಿಕೋಡ್ ಸಂಕೇತದಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. ಉದಾಹರಣೆಗೆ ‘ಕೋ’ ಎಂಬ ಅಕ್ಷರವನ್ನು ತೆಗೆದುಕೊಳ್ಳೋಣ. ಅದರ ಓಕಾರದ ಚಿಹ್ನೆ ಒಂದೇ ಸಂಕೇತವಾಗಿರಬಹುದು. ಒಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂಬ ಎರಡಾಗಿರಬಹುದು. ಎಕಾರ, ಊಕಾರ, ದೀರ್ಘ ಎಂಬ ಮೂರು ಚಿಹ್ನೆಗಳ ಸಾಲಾಗಿಯೂ ಇರಬಹುದು. ಮೂರೂ ಸಮಾನವೆಂದು ಯೂನಿಕೋಡಿನ ನಿಯಮವೇ ಹೇಳುತ್ತದೆ. ಪರದೆಯ ಮೇಲೂ ಭೇದ ಕಾಣುವುದಿಲ್ಲ. ಆದರೆ ಗಿಟ್ ನೋಡುವುದು ರೂಪವನ್ನಲ್ಲ, ಬೈಟುಗಳನ್ನು. ಒಬ್ಬರು ಸಿದ್ಧಪಡಿಸಿದ ಪಠ್ಯವನ್ನು ಇನ್ನೊಬ್ಬರು ಬೇರೆ ತಂತ್ರಾಂಶದಲ್ಲಿ ತೆರೆದು ಉಳಿಸಿದಾಗ ಈ ಚಿಹ್ನೆಗಳ ರೂಪ ಬದಲಾದರೆ, ಒಂದಕ್ಷರವನ್ನೂ ತಿದ್ದದಿದ್ದರೂ ನೂರಾರು ಸಾಲುಗಳು ಬದಲಾದಂತೆ ಗಿಟ್ ವರದಿಮಾಡುತ್ತದೆ. ನಿಜವಾದ ಪಾಠಾಂತರವು ಈ ಹುಸಿ ಪಾಠಾಂತರಗಳ ರಾಶಿಯಲ್ಲಿ ಮುಳುಗಿಹೋಗುತ್ತದೆ. ಇದಕ್ಕೆ ಪರಿಹಾರವೆಂದರೆ ಸಂಯುಕ್ತ ರೂಪವೊಂದನ್ನೇ ಪ್ರಮಾಣವಾಗಿ ಸ್ವೀಕರಿಸಿ, ನಮೂದಿಗೆ ಮುನ್ನ ಪಠ್ಯವನ್ನೆಲ್ಲ ಆ ರೂಪಕ್ಕೆ ತರುವ ಚಿಕ್ಕ ಕಾರ್ಯಕ್ರಮವನ್ನು ಪ್ರತಿಯೊಬ್ಬರ ಯಂತ್ರದಲ್ಲಿಯೂ ಇರಿಸುವುದು. ಕಣ್ಣಿಗೆ ಕಾಣದ ಜೋಡಕ ಮತ್ತು ಬೇರ್ಪಡಕ ಚಿಹ್ನೆಗಳ ವಿಷಯದಲ್ಲಿ ಮಾತ್ರ ಇಂಥ ಯಾಂತ್ರಿಕ ನಿಯಮ ಸಲ್ಲದು; ಅವು ಕೆಲವೆಡೆ ಬರಹದ ರೂಪವನ್ನೇ ನಿರ್ಣಯಿಸುವುದರಿಂದ ಒಂದೊಂದನ್ನೂ ನೋಡಿ ತೀರ್ಮಾನಿಸಬೇಕು.

ಎರಡನೆಯದು ಕಡತಗಳ ಹೆಸರು. ಕನ್ನಡದಲ್ಲಿ ಹೆಸರಿಟ್ಟ ಕಡತವನ್ನು ಗಿಟ್ ತಾನಾಗಿ ಅಂಕಿಗಳ ಸಾಲಾಗಿ ತೋರಿಸುತ್ತದೆ. ‘ಕ’ ಎಂಬ ಒಂದಕ್ಷರವೇ ೩೪೦, ೨೬೨, ೨೨೫ ಎಂಬ ಮೂರು ಸಂಖ್ಯೆಗಳಾಗುತ್ತದೆ. ಕಡತ ಕೆಟ್ಟಿತೆಂದು ಹೆದರಿದವರು ನಮ್ಮಲ್ಲಿದ್ದರು. ಕೆಟ್ಟಿರುವುದಿಲ್ಲ, ಹೆಸರನ್ನು ಮರೆಸಿ ತೋರಿಸುವ ಆ ನಿಯಮವನ್ನು ಗಿಟ್ಟಿನ ವಿನ್ಯಾಸದಲ್ಲಿ ತೆಗೆದುಹಾಕಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಮೂರನೆಯದು ಬರಹದ ವಿನ್ಯಾಸ. ಗಿಟ್ ಸಾಲುಸಾಲಾಗಿ ಹೋಲಿಸುವುದರಿಂದ, ಒಂದು ಪುಟದಷ್ಟು ಗದ್ಯವನ್ನು ಒಂದೇ ಸಾಲಾಗಿ ಬರೆದರೆ ಒಂದು ಕಾಗುಣಿತವನ್ನು ತಿದ್ದಿದರೂ ಪುಟವೇ ಬದಲಾದಂತೆ ತೋರುತ್ತದೆ. ಪದ್ಯದ ಪಾದಕ್ಕೊಂದು, ಗದ್ಯದ ವಾಕ್ಯಕ್ಕೊಂದು ಸಾಲಿನಂತೆ ಬರೆಯುವುದು ಮೇಲು. ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬರೆದ ಹಳೆಯ ಕಡತಗಳನ್ನು ಪರಿವರ್ತಿಸಿಯೇ ಸೇರಿಸಬೇಕು. ಆದರೆ ಮೂಲ ಕಡತವನ್ನೂ ಮೊದಲ ನಮೂದಾಗಿ ಇರಿಸುವುದು ಒಳ್ಳೆಯದು. ಪರಿವರ್ತನೆಯಲ್ಲಿ ಅರ್ಕಾವೊತ್ತು ಸ್ಥಾನಪಲ್ಲಟವಾದಂಥ ದೋಷಗಳು ಮುಂದೆ ಕಂಡುಬಂದಾಗ ಅದೇ ಸಾಕ್ಷಿ. ಓಲೆಗರಿಗಳ ಚಿತ್ರಗಳಂಥ ದೊಡ್ಡ ಕಡತಗಳಿಗೆ ಮೇಲೆ ಹೇಳಿದ ಉಪಾಂಗವನ್ನು ಬಳಸಿದರೆ ಚರಿತ್ರೆಯಲ್ಲಿ ಚಿತ್ರದ ಗುರುತು ಮಾತ್ರವಿದ್ದು, ಚಿತ್ರವು ಪ್ರತ್ಯೇಕವಾಗಿ ಉಳಿಯುತ್ತದೆ.

೮

ಕೊನೆಯದಾಗಿ ರಕ್ಷಣೆಯ ವಿಷಯ. ಈ ಸಂಬಂಧದಲ್ಲಿ ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಾಣದಲ್ಲಿ ನಡೆದ ಅವಘಡವು ಸ್ಮರಣೀಯ. ದತ್ತಸಂಚಯದ ತೊಡಕನ್ನು ಸರಿಪಡಿಸುತ್ತಿದ್ದ ಯಂತ್ರಜ್ಞರೊಬ್ಬರು ದಣಿವಿನಲ್ಲಿ ಉಪಯಂತ್ರವೆಂದು ಭಾವಿಸಿ ಮುಖ್ಯಯಂತ್ರದ ದತ್ತಾಂಶವನ್ನೇ ಅಳಿಸಿದರು. ಕೂಡಲೇ ನಿಲ್ಲಿಸಿದರೂ ಸುಮಾರು ೩೦೦ ಗಿಗಾಬೈಟಿನಲ್ಲಿ ಉಳಿದುದು ೪.೫ ಮಾತ್ರ. ಆಮೇಲೆ ನೋಡಿದರೆ, ನಿತ್ಯವೂ ನಡೆಯುತ್ತಿದೆಯೆಂದು ನಂಬಿದ್ದ ಪ್ರತಿರಕ್ಷಣೆಯು ಆವೃತ್ತಿಗಳ ಹೊಂದಾಣಿಕೆಯಿಲ್ಲದೆ ಬಹುಕಾಲದಿಂದ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಪತ್ರಗಳೂ ತಲುಪುತ್ತಿರಲಿಲ್ಲ. ಬೇರೊಂದು ಕಾರ್ಯಕ್ಕಾಗಿ ಆರು ಗಂಟೆಗಳ ಮೊದಲು ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಪ್ರತಿಯೊಂದರಿಂದ ತಾಣವು ಪುನರುಜ್ಜೀವಿತವಾಯಿತು. ಗಿಟ್ ಭಂಡಾರಗಳು ಅಳಿಯಲಿಲ್ಲ. ಆ ಆರು ಗಂಟೆಗಳ ಚರ್ಚೆ, ಟಿಪ್ಪಣಿ, ಹೊಸ ಖಾತೆಗಳು ಅಳಿದವು. ಸಂಸ್ಥೆಯು ಇದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದುದು ಶ್ಲಾಘನೀಯ.

ಇದರಿಂದ ನಾವು ಎರಡು ಪಾಠಗಳನ್ನು ಕಲಿತೆವು. ಭಂಡಾರಗಳ ಪ್ರತಿ ಎಲ್ಲರ ಬಳಿಯೂ ಇದೆಯೆಂದು ನೆಮ್ಮದಿಯಿಂದ ಇರುವಂತಿಲ್ಲ. ದತ್ತಸಂಚಯ, ವಿನ್ಯಾಸದ ಕಡತ ಇವುಗಳ ಪ್ರತಿಯೂ ಬೇಕು. ವಿನ್ಯಾಸದ ಕಡತದಲ್ಲಿರುವ ರಹಸ್ಯಪದವು ಕಳೆದರೆ ಅದರಿಂದ ಗೂಢಲಿಪಿಗೊಳಿಸಿಟ್ಟ ಭಾಗಗಳನ್ನು ಯಾರೂ ಓದಲಾರರು. ಎರಡನೆಯದಾಗಿ, ಮರುಸ್ಥಾಪಿಸಿ ನೋಡದ ಪ್ರತಿಯು ಪ್ರತಿಯೇ ಅಲ್ಲ. ಫೋರ್ಜೇಯೊ ಎಲ್ಲವನ್ನೂ ಒಂದು ಗಂಟಾಗಿ ಕಟ್ಟಿಕೊಡುತ್ತದೆ. ಬಿಚ್ಚಿ ಮತ್ತೆ ಜೋಡಿಸುವ ಕೆಲಸವನ್ನು ಮಾತ್ರ ಕೈಯಿಂದಲೇ ಮಾಡಬೇಕು. ಆದುದರಿಂದ ಪ್ರತಿರಾತ್ರಿ ಗಂಟನ್ನು ಕಟ್ಟಿ ಬೇರೆ ಕಟ್ಟಡದಲ್ಲಿರುವ ಯಂತ್ರಕ್ಕೆ ಕಳುಹಿಸುವುದರ ಜೊತೆಗೆ, ವರ್ಷಕ್ಕೊಮ್ಮೆ ಬೇಸಗೆಯ ವಿರಾಮದಲ್ಲಿ ಬರಿಯ ಯಂತ್ರವೊಂದರಲ್ಲಿ ಅದನ್ನು ಬಿಚ್ಚಿ ಜೋಡಿಸುತ್ತೇವೆ. ಮೊದಲ ಸ್ಥಾಪನೆ ಮಾಡದಿದ್ದವರಿಗೇ ಈ ಕೆಲಸವನ್ನು ವಹಿಸುವುದು ನಮ್ಮ ನಿಯಮ. ಮೊದಲ ಸಲ ಹೀಗೆ ಮಾಡಿದಾಗ, ಸೇವಾಪತ್ರದ ಪ್ರತಿಯನ್ನು ನಾವು ಎಲ್ಲಿಯೂ ತೆಗೆದಿಟ್ಟಿರಲಿಲ್ಲವೆಂಬುದು ಬೆಳಕಿಗೆ ಬಂದಿತು. ಅನಾಹುತದ ದಿನ ಅದು ತಿಳಿಯುವುದಕ್ಕಿಂತ ವಿರಾಮದ ದಿನ ತಿಳಿದುದು ಒಳ್ಳೆಯದೇ ಆಯಿತು. ಹೊಸ ಆವೃತ್ತಿಗೆ ಏರಿದ ಮೇಲೆ ದತ್ತಸಂಚಯದ ರೂಪ ಬದಲಾಗಿ ಹಿಂದಿನದಕ್ಕೆ ಇಳಿಯಲು ಬಾರದ ಕಾರಣ, ಏರುವ ಮುನ್ನವೂ ಗಂಟು ಕಟ್ಟುವುದು ಕರ್ತವ್ಯ.

೯

ಸ್ಥಾಪನೆಗೆ ನಮಗೆ ಹಿಡಿದುದು ಒಂದು ದಿನ. ಉಳಿದುದೆಲ್ಲ ಪಾಲನೆಯ ಕೆಲಸ, ಅದು ಮುಗಿಯುವಂಥದಲ್ಲ. ಗ್ರಂಥಾಲಯದ ಕಟ್ಟಡ ಎದ್ದ ದಿನವೇ ಗ್ರಂಥಾಲಯ ಸಿದ್ಧವಾಯಿತೆಂದು ಯಾರೂ ಹೇಳುವುದಿಲ್ಲವಷ್ಟೆ. ಇಂದು ನಮ್ಮ ಭಂಡಾರದಲ್ಲಿ ಮೊದಲ ಹೆಸರು ಆ ಪದಸೂಚಿಯದೇ. ದೊರೆತ ಮೂರು ಪ್ರತಿಗಳನ್ನೂ ಮೂರು ಶಾಖೆಗಳಾಗಿ ಇರಿಸಿ, ಅವುಗಳ ಭೇದಗಳನ್ನು ಪರಿಶೀಲಿಸಿ, ಹೊಸದಾಗಿ ಕಾರ್ಯಕ್ರಮವನ್ನು ಕಟ್ಟುವ ಕೆಲಸ ನಡೆದಿದೆ. ಅಚ್ಚಾದ ಸೂಚಿಯ ಎಲ್ಲ ಉಲ್ಲೇಖಗಳಿಗೂ ಕಾರಣ ಸಿಕ್ಕೀತೆಂದು ನಾವು ಹೇಳಲಾರೆವು. ಆದರೆ ಎರಡನೆಯ ಮುದ್ರಣವು ಹೊರಬಂದಾಗ, ಅದರ ಒಂದೊಂದು ಉಲ್ಲೇಖವೂ ಯಾವ ನಮೂದಿನಿಂದ ಹುಟ್ಟಿತೆಂಬುದನ್ನು ಕೇಳಿದವರಿಗೆ ತೋರಿಸಿಕೊಡಬಲ್ಲೆವು. ಲಿಪಿಕಾರರು ನಮಗೆ ಮಾಡದೆ ಹೋದ ಉಪಕಾರವನ್ನು ಮುಂದಿನ ಸಂಪಾದಕರಿಗೆ ನಾವು ಮಾಡಲು ಸಾಧ್ಯವಾದರೆ ಈ ಶ್ರಮ ಸಾರ್ಥಕ.